ಕ್ಲ್ಯಾಂಪ್ ಮಾನಿಟರ್, ಪ್ಲಗ್ ಮೀಟರ್, ಗೋಡೆಯ ಕ್ಯಾಲೆಂಡರ್: ಎರಡು ಮಳೆಗಾಲಗಳ ಹೋಲಿಕೆ

ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ವಿದ್ಯುತ್ ಬಳಕೆಯನ್ನು ಎರಡು ಮಳೆಗಾಲಗಳ ಅವಧಿಯಲ್ಲಿ ಮೂರು ಬಗೆಯಾಗಿ ಅಳೆದು ನೋಡಿದೆವು: ಮೇನ್ ಬೋರ್ಡಿನ ತಂತಿಗೆ ಕ್ಲ್ಯಾಂಪ್ ಹಾಕಿ ಮೊಬೈಲಿನಲ್ಲಿ ಲೆಕ್ಕ ತೋರಿಸುವ ಮಾನಿಟರ್, ಒಂದೊಂದೇ ಉಪಕರಣವನ್ನು ಅಳೆಯುವ ಪ್ಲಗ್ ಮೀಟರ್, ಕೊನೆಗೆ ಜಗಲಿಯ ಮೀಟರಿನ ಅಂಕಿಯನ್ನು ದಿನವೂ ಕ್ಯಾಲೆಂಡರಿನಲ್ಲಿ ಬರೆದಿಡುವುದು. ಯಾವುದು ಹೆಚ್ಚು ನಿಖರ ಎಂಬುದಕ್ಕಿಂತ, ಯಾವುದು ಕಲಿಸಿದ ಅಭ್ಯಾಸ ವರ್ಷ ಕಳೆದರೂ ಉಳಿಯಿತು ಎಂಬುದೇ ನನಗೆ ಮುಖ್ಯವಾಗಿತ್ತು.

ಫೆಬ್ರವರಿಯಲ್ಲಿ ಕ್ಲ್ಯಾಂಪ್ ಕೂರಿಸಿದ ಹೊಸತರಲ್ಲಿ ಮನೆಮಂದಿಯೆಲ್ಲ ಅದನ್ನೇ ನೋಡುತ್ತಿದ್ದರು. ಗೀಸರ್ ಹಾಕಿದೊಡನೆ 300 ವಾಟ್ ಇದ್ದದ್ದು 2300ಕ್ಕೆ ಏರುವುದನ್ನು ಕಂಡು ಅತ್ತೆಯವರು ತಾವೇ ಎದ್ದು ಹೋಗಿ ಸ್ವಿಚ್ ಆರಿಸುತ್ತಿದ್ದರು. ಜುಲೈ ಹೊತ್ತಿಗೆ ಆ್ಯಪ್ ತೆರೆಯುವವಳು ನಾನೊಬ್ಬಳೇ ಉಳಿದಿದ್ದೆ. ಮರ ಬಿದ್ದು ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಹೋದ ಮೇಲೆ ಅದನ್ನು ಮತ್ತೆ ವೈಫೈಗೆ ಜೋಡಿಸುವ ಉತ್ಸಾಹ ನನಗೂ ಬರಲಿಲ್ಲ, ಬಳಕೆ ಹಳೆಯ ಮಟ್ಟಕ್ಕೇ ಮರಳಿತು. ನೆದರ್‌ಲ್ಯಾಂಡ್ಸ್‌ನಿಂದ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ ಮೊದಲ ನಾಲ್ಕು ತಿಂಗಳಲ್ಲಿ ಕಂಡ ಶೇ 7.8ರಷ್ಟು ಉಳಿತಾಯ ಮುಂದೆ ನಿಂತಿರಲಿಲ್ಲ.

ಪ್ಲಗ್ ಮೀಟರನ್ನು ನಾವು ಬಳಸಿದ್ದು ಬರೀ ಮೂರು ವಾರ, ಆದರೆ ಅದರ ಫಲ ಇಂದಿಗೂ ಇದೆ. ಟಿವಿ ಆರಿಸಿದ ಮೇಲೂ ಸೆಟ್‌ಟಾಪ್ ಬಾಕ್ಸ್ 10 ವಾಟ್ ಎಳೆಯುತ್ತಿತ್ತು, ಅಂದರೆ ತಿಂಗಳಿಗೆ 7 ಯೂನಿಟ್. 15 ಲೀಟರಿನ ಗೀಸರನ್ನು ದಿನವಿಡೀ ಹಾಕಿಟ್ಟರೆ, ಯಾರೂ ಸ್ನಾನ ಮಾಡದಿದ್ದರೂ, ಕಾದ ನೀರು ತಣಿಯದಂತೆ ನೋಡಿಕೊಳ್ಳುವುದಕ್ಕೇ ಅರ್ಧ ಯೂನಿಟ್ಟಿಗೂ ಹೆಚ್ಚು ಬೇಕಾಗುತ್ತಿತ್ತು. ಬಾಕ್ಸಿಗೆ ಪ್ರತ್ಯೇಕ ಸ್ವಿಚ್ ಹಾಕಿಸಿದೆವು, ಗೀಸರಿಗೆ ಟೈಮರ್ ಕೂರಿಸಿದೆವು, ಮರಗಸಿಯಲ್ಲಿ (ಮರದ ಕೊಂಬೆ ಸವರುವ ಕೆಲಸದಲ್ಲಿ) ಸಿಕ್ಕ ಸೌದೆಯಿಂದ ಬಚ್ಚಲ ಹಂಡೆಯನ್ನು ಮತ್ತೆ ಕಾಯಿಸತೊಡಗಿದೆವು. ಇವಕ್ಕೆ ಯಾರೂ ದಿನವೂ ಪರದೆ ನೋಡಬೇಕಾಗಿಲ್ಲ. ಉಳಿತಾಯ ನಿಂತದ್ದು ಅದರಿಂದಲೇ ಎಂದು ನನ್ನ ಖಚಿತ ಅಭಿಪ್ರಾಯ.

ಕ್ಯಾಲೆಂಡರ್ ಯಾವ ಉಪಕರಣ ಎಷ್ಟು ತಿಂದಿತೆಂದು ಹೇಳುವುದಿಲ್ಲ, ಆ ಕೊರತೆ ದೊಡ್ಡದೇ. ಆದರೂ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಜಗಲಿಗೆ ಹೋಗುವ ಅತ್ತೆಯವರು ಮೀಟರ್ ನೋಡಿ ಆ ದಿನದ ಚೌಕದಲ್ಲಿ ಪೆನ್ಸಿಲಿನಲ್ಲಿ ಅಂಕಿ ಬರೆಯುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಇಪ್ಪತ್ತನೆಯ ತಾರೀಖಿಗೇ ಎಚ್ಚರಿಸುವ ಈ ಲೆಕ್ಕ ಬಟ್ಟೆ ಒಣಗದ ಆಗಸ್ಟಿನಲ್ಲಿ ಬಹಳ ಉಪಯೋಗಕ್ಕೆ ಬಂತು. ಕ್ಲ್ಯಾಂಪ್ ಈಗ ಡಬ್ಬದಲ್ಲಿದೆ. ಪ್ಲಗ್ ಮೀಟರನ್ನು ಪಕ್ಕದ ಮನೆಯವರು ಮೂರು ವಾರಕ್ಕೆಂದು ಕೇಳಿ ಒಯ್ದಿದ್ದಾರೆ.