ದೋಣಿ ಎಂಜಿನ್‌ನ ಹಗ್ಗ ಹಗುರಾಗಿ ಬಂದರೆ ಕಂಪ್ರೆಷನ್ ಹೋಗಿದೆ ಅಂತ ನಂಬಬೇಡಿ

ಆಲಮಟ್ಟಿ ಹಿನ್ನೀರಿನಲ್ಲಿ ಸಣ್ಣ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಕಟ್ಟುವಂಥದ್ದು) ಕಟ್ಟಿಕೊಂಡು ಮೀನು ಹಿಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೀಳಗಿ, ಕೊಲ್ಹಾರ, ಬಾಗಲಕೋಟೆ ಕಡೆ ಈ ಎಂಜಿನ್‌ಗಳ ಕೆಲಸ ಸರಿಯಾಗಿ ಗೊತ್ತಿರುವ ಮೆಕ್ಯಾನಿಕ್ ಸಿಗುವುದು ಕಷ್ಟ. ಕೆಟ್ಟರೆ ಬೈಕ್ ಇಲ್ಲವೇ ಪಂಪ್‌ಸೆಟ್ ರಿಪೇರಿ ಮಾಡುವವರ ಹತ್ತಿರ ಒಯ್ಯುತ್ತೇವೆ. ಅವರಲ್ಲಿ ಕೈಗುಣ ಚೆನ್ನಾಗಿರುವವರು ಬಹಳ ಜನ ಇದ್ದಾರೆ. ಆದರೆ ನಮ್ಮ ಕಾಕಾ ಒಯ್ದ ಅಂಗಡಿಯಲ್ಲಿ ಚೆನ್ನಾಗಿದ್ದ ಎಂಜಿನ್ನನ್ನೇ ಹಾಳು ಮಾಡಿ, ಮೇಲೆ 9,500 ರೂಪಾಯಿ ತೆಗೆದುಕೊಂಡರು. ಅಂಗಡಿಯ ಹೆಸರು ಬರೆಯುವುದಿಲ್ಲ. ಹೇಗೆ ಹಾಳಾಯಿತು ಅನ್ನುವುದು ಗೊತ್ತಾದರೆ ಸಾಕು.

ಕಾಕಾ ಅವರದು ಟೂ ಸ್ಟ್ರೋಕ್, ಎರಡು ಸಿಲಿಂಡರ್‌ನ 8 ಎಚ್‌ಪಿ ಎಂಜಿನ್. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಹಿಂದಿನ ದಿನ ಸಂಜೆವರೆಗೆ ಚೆನ್ನಾಗಿ ಓಡಿದ್ದು, ಬೆಳಗ್ಗೆ ಹಗ್ಗ ಎಳೆದರೆ ಸರ್ರನೆ ಬಂತು. ಎಂಜಿನ್ ಹಿಡಿದುಕೊಳ್ಳಲೇ ಇಲ್ಲ. ಎಷ್ಟು ಎಳೆದರೂ ಅಷ್ಟೇ. ಅಂಗಡಿಯವರು ತಾವೂ ಹಗ್ಗ ಎಳೆದು ನೋಡಿದರು, ಕೂಡಲೇ ಹೇಳಿಬಿಟ್ಟರು: "ಕಾಕಾ, ಕಂಪ್ರೆಷನ್ ಪೂರಾ ಹೋಗೇತ್ರಿ. ಹೆಡ್ ಬಿಚ್ಚಿ ರಿಂಗ್ ಹಾಕಬೇಕ್ರಿ." ಕಂಪ್ರೆಷನ್ ಅಂದರೆ ಸಿಲಿಂಡರ್‌ನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ; ಅದು ಸರಿ ಇದ್ದರೆ ಹಗ್ಗ ಬಿಗಿಯಾಗಿ ಬರುತ್ತದೆ. ಆ ಒತ್ತಡ ಸೋರದಂತೆ ಪಿಸ್ಟನ್ ಸುತ್ತ ಇರುವ ಬಳೆಗಳೇ ರಿಂಗ್. ಒತ್ತಡ ಅಳೆಯುವ ಗೇಜ್ ಹಾಕಲಿಲ್ಲ. ಮೇಲಿನ ಮುಚ್ಚಳ ತೆಗೆದು ಹಗ್ಗ ಎಳೆದಾಗ ಫ್ಲೈವೀಲ್ (ಎಂಜಿನ್ ಮೇಲಿನ ಭಾರದ ಚಕ್ರ) ತಿರುಗುತ್ತಿದೆಯಾ ಅಂತಲೂ ನೋಡಲಿಲ್ಲ.

ಅದನ್ನೊಂದು ನೋಡಿದ್ದರೆ ಸಾಕಿತ್ತು. ಹಗ್ಗ ಸುತ್ತಿರುವ ರಾಟೆಯಲ್ಲಿ ಬೆರಳ ತುದಿಯಷ್ಟು ಸಣ್ಣ ಕೊಕ್ಕೆ ಇರುತ್ತದೆ. ಹಗ್ಗ ಎಳೆದ ಕೂಡಲೇ ಅದು ಹೊರಗೆ ಚಾಚಿ ಫ್ಲೈವೀಲ್ ಮೇಲಿನ ಬಟ್ಟಲಿನ ಹಲ್ಲಿಗೆ ಸಿಕ್ಕಿಕೊಳ್ಳಬೇಕು. ಆಗ ಮಾತ್ರ ಎಂಜಿನ್ ತಿರುಗುತ್ತದೆ. ನಮ್ಮ ಎಂಜಿನ್‌ನಲ್ಲಿ ಹಳೇ ಗ್ರೀಸ್ ಮಣ್ಣಿನ ಜೊತೆ ಸೇರಿ ಕಪ್ಪು ಅಂಟಾಗಿತ್ತು. ಕೊಕ್ಕೆ ಒಳಗೇ ಕೂತಿತ್ತು. ಅದನ್ನು ಹೊರಗೆ ತಳ್ಳುವ ತೆಳು ಸ್ಪ್ರಿಂಗ್‌ನ ಒಂದು ಕಾಲು ಮುರಿದಿತ್ತು. ಹಗ್ಗ ಹಗುರಾಗಿ ಬಂದದ್ದು ಅದಕ್ಕೇ. ರಾಟೆ ಒಂದೇ ತಿರುಗುತ್ತಿತ್ತು, ಎಂಜಿನ್ ಅಲ್ಲಾಡುತ್ತಲೇ ಇರಲಿಲ್ಲ. ಅಲ್ಲಾಡದ ಎಂಜಿನ್‌ನ ಕಂಪ್ರೆಷನ್ ಬಗ್ಗೆ ಹಗ್ಗ ಏನು ಹೇಳೀತು?

ಇಲ್ಲೇ ಇನ್ನೊಂದು ಅಪಾಯವಿದೆ. ಕೊಕ್ಕೆ ಹಿಡಿಯದ ಎಂಜಿನ್‌ಗೆ ಗೇಜ್ ಹಾಕಿ ಹಗ್ಗ ಎಳೆದರೆ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ. ಅದನ್ನು ತೋರಿಸಿ "ನೋಡ್ರಿ, ಸೊನ್ನೆ" ಅಂದರೆ ಯಾರಾದರೂ ನಂಬಿಬಿಡುತ್ತಾರೆ. ಹಾಗಾಗಿ ಗೇಜ್ ನೋಡುವ ಮೊದಲು ಫ್ಲೈವೀಲ್ ನೋಡಿ.

ಅಂಗಡಿಯಲ್ಲಿ ಹೆಡ್ ಬಿಚ್ಚಿದರು, ರಿಂಗ್ ಬದಲಿಸಿದರು, ಹೊಸ ಗ್ಯಾಸ್ಕೆಟ್ ಹಾಕಿದರು. ಜೋಡಿಸಿದ ಮೇಲೂ ಹಗ್ಗ ಹಗುರಾಗಿಯೇ ಬಂತು. ಆಗ ಸ್ಟಾರ್ಟರ್ ಜೋಡಣೆಯನ್ನೇ ಕಳಚಿಟ್ಟು, ಬೇರೆ ಹಗ್ಗಕ್ಕೆ ಗಂಟು ಹಾಕಿ ಫ್ಲೈವೀಲ್‌ಗೆ ನೇರವಾಗಿ ಸುತ್ತಿ ಎಳೆದರು. ಎಂಜಿನ್ ಶುರುವಾಯಿತು. "ಹೊಸ ರಿಂಗ್ ಕೆಲಸ ಮಾಡ್ತು" ಅಂತ ಹೇಳಿದರು. ಹಳೇ ರಿಂಗ್ ಇದ್ದಾಗಲೇ ಹೀಗೆ ಸುತ್ತಿ ಎಳೆದಿದ್ದರೆ ಆಗಲೂ ಶುರುವಾಗುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಹಳೇ ರಿಂಗ್‌ಗಳನ್ನು ಕಾಕಾ ಕೇಳಿ ತಂದಿದ್ದರು. ಆಮೇಲೆ ಅವನ್ನು ಬೋರ್‌ನೊಳಗೆ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಭಾಗ) ಇಟ್ಟು ತುದಿಗಳ ನಡುವಿನ ಸಂದು ಅಳೆದಾಗ ಸವೆತ ಅನ್ನುವಂಥದ್ದು ಏನೂ ಇರಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ದುಡ್ಡಷ್ಟೇ ಹೋಗುತ್ತಿತ್ತು. ಎಂಜಿನ್ ಶುರುವಾದ ಖುಷಿಗೆ ಅದನ್ನು ಸ್ಟ್ಯಾಂಡ್ ಮೇಲೆ ಹಾಗೇ ಓಡಲು ಬಿಟ್ಟರು. ಕೆಳಗೆ ನೀರಿನ ಡ್ರಮ್ ಇಟ್ಟಿರಲಿಲ್ಲ. ಬೈಕ್ ಎಂಜಿನ್‌ಗೆ ಗಾಳಿ ಸಾಕು. ಔಟ್‌ಬೋರ್ಡ್‌ನಲ್ಲಿ ಹಾಗಲ್ಲ. ಕೆಳಗಿನ ಕಾಲಿನಲ್ಲಿ ರಬ್ಬರ್ ರೆಕ್ಕೆಯ ಇಂಪೆಲ್ಲರ್ ಇರುತ್ತದೆ. ಅದು ಹೊಳೆಯ ನೀರನ್ನೇ ಎಳೆದು ಎಂಜಿನ್ ತಂಪು ಮಾಡುತ್ತದೆ. ಆ ರಬ್ಬರ್‌ಗೂ ನೀರೇ ಜಾರುಗುಣ ಕೊಡುವುದು. ನೀರಿಲ್ಲದೆ ಒಂದೆರಡು ನಿಮಿಷ ಓಡಿದರೂ ರಬ್ಬರ್ ಉಜ್ಜಿ ಸುಟ್ಟುಹೋಗಬಹುದು. ನಾವು ಆಮೇಲೆ ಬಿಚ್ಚಿಸಿದಾಗ ಇಂಪೆಲ್ಲರ್‌ನ ರೆಕ್ಕೆಗಳ ತುದಿ ಕರಗಿ ಹೊಳಪಾಗಿತ್ತು. ಎರಡು ರೆಕ್ಕೆ ಬುಡದಿಂದಲೇ ಕಿತ್ತುಬಂದಿದ್ದವು. ಅದರ ಚೂರು ನೀರು ಹೋಗುವ ದಾರಿಯಲ್ಲಿ ಸಿಕ್ಕಿಕೊಂಡಿತ್ತು.

ಕಾಕಾ ಎಂಜಿನ್ ತಂದು ದೋಣಿಗೆ ಕಟ್ಟಿದರು. ಆಷಾಢದ ಗಾಳಿ ಜೋರಾಗಿದ್ದ ದಿನಗಳು ಅವು. ಹಿನ್ನೀರು ಏರುತ್ತಿತ್ತು. ಆಲಮಟ್ಟಿ ಅಣೆಕಟ್ಟು ತನ್ನ ಪೂರ್ತಿ ಮಟ್ಟವಾದ 519.60 ಮೀಟರ್‌ವರೆಗೆ ತುಂಬಿದರೆ ನಮ್ಮ ಕಡೆ ನೀರು ಎಷ್ಟು ಅಗಲ ಆಗುತ್ತದೆ ಅಂತ ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಹೋದವರಿಗೆಲ್ಲ ಗೊತ್ತು. ನಡುನೀರಿಗೆ ಹೋದ ಮೇಲೆ ಎಂಜಿನ್ ಸದ್ದು ಬದಲಾಯಿತು, ಬಲ ಕಡಿಮೆಯಾಯಿತು, ನಿಂತಿತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಗಾಳಿ ದೋಣಿಯನ್ನು ಅಡ್ಡ ತಿರುಗಿಸಿ ಮುಳುಗಿದ ಜಾಲಿ ಗಿಡಗಳ ಕಡೆ ನೂಕುತ್ತಿತ್ತು. ಹುಟ್ಟು ಇತ್ತು, ಆದರೆ ಆ ಗಾಳಿಗೆ ಹುಟ್ಟು ಸಾಲಲಿಲ್ಲ. ಬೇರೆ ದೋಣಿಯವರು ನೋಡಿ ಹಗ್ಗ ಕಟ್ಟಿ ಎಳೆದುತಂದರು. ಕಾಕಾ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಅಂಗಡಿಯವರ ಮೇಲೆ ನನಗೆ ಸಿಟ್ಟು ಇರುವುದು 9,500 ರೂಪಾಯಿಗಿಂತ ಜಾಸ್ತಿ ಇದಕ್ಕೆ.

ಆಮೇಲೆ ಎಂಜಿನ್ನನ್ನು ಕರಾವಳಿಯಲ್ಲಿ ಮೀನುದೋಣಿಗಳ ಕೆಲಸ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದೆವು. ಅವರು ಮೊದಲು ಏನನ್ನೂ ಬಿಚ್ಚಲಿಲ್ಲ. ಗೇಜ್ ಹಾಕಿದರು. ಕೆಳಗಿನ ಸಿಲಿಂಡರ್ 105 ಪಿಎಸ್‌ಐ (ಒತ್ತಡದ ಅಳತೆ), ಮೇಲಿನದು 55. ಈಗ ನಿಜವಾಗಿಯೂ ಕಂಪ್ರೆಷನ್ ಹೋಗಿತ್ತು. ಮೇಲಿನ ಬೋರ್‌ನಲ್ಲಿ ಬೆರಳಿಗೆ ಸಿಗುವಂಥ ಉದ್ದುದ್ದ ಗೀರುಗಳು, ಪಿಸ್ಟನ್ ಪಕ್ಕದಲ್ಲಿ ಅಲ್ಯೂಮಿನಿಯಂ ಉಜ್ಜಿಹೋದ ಗುರುತು. ಬಿಸಿಗೆ ಪಿಸ್ಟನ್ ಹಿಗ್ಗಿ ಬೋರ್ ಹಿಡಿದಿತ್ತು. ಬೋರ್ ಕೊರೆಸಿ ಅಗಲ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು. ಸ್ಟಾರ್ಟರ್‌ಗೆ ಬೇಕಾಗಿದ್ದದ್ದು ಆ ಪುಟ್ಟ ಸ್ಪ್ರಿಂಗ್ ಮತ್ತು ಸ್ವಲ್ಪ ಸೀಮೆಎಣ್ಣೆಯಲ್ಲಿ ತೊಳೆಯುವುದು, ಅಷ್ಟೇ.

ಕಂಪ್ರೆಷನ್ ನೋಡುವ ಸರಿಯಾದ ಕ್ರಮ ಅವರೇ ತೋರಿಸಿಕೊಟ್ಟರು. ನಿಮ್ಮ ಎಂಜಿನ್ ಅಂಗಡಿಯಲ್ಲಿದ್ದರೆ ಎದುರು ನಿಂತು ಇದನ್ನೇ ಮಾಡಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಎರಡೂ ಪ್ಲಗ್ ಬಿಚ್ಚಬೇಕು, ಒಂದನ್ನೇ ಅಲ್ಲ. ಪ್ಲಗ್ ವೈರ್‌ಗಳನ್ನು ಎಂಜಿನ್ ಬಾಡಿಗೆ ಅರ್ಥ್ ಮಾಡಬೇಕು, ಇಲ್ಲದಿದ್ದರೆ ಇಗ್ನಿಷನ್ ಯುನಿಟ್ ಹೋಗಬಹುದು, ಹೊರಬರುವ ಪೆಟ್ರೋಲ್ ಆವಿಗೆ ಕಿಡಿಯೂ ತಾಗಬಹುದು. ಥ್ರಾಟಲ್ (ಎಕ್ಸಲರೇಟರ್) ಪೂರ್ತಿ ತೆರೆದಿರಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಥ್ರಾಟಲ್ ಮುಚ್ಚಿದ್ದರೆ ಒಳಗೆ ಸಾಕಷ್ಟು ಗಾಳಿ ಹೋಗುವುದಿಲ್ಲ, ಒಳ್ಳೆ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗದಿದ್ದರೆ ಕಾರ್ಬುರೇಟರ್ ಹತ್ತಿರದ ಲಿವರನ್ನು ಕೈಯಿಂದ ಹಿಡಿಯಬೇಕು. ಮುಳ್ಳು ಏರುವುದು ನಿಲ್ಲುವವರೆಗೆ ಜೋರಾಗಿ ಎಳೆಯಬೇಕು. ಎರಡೂ ಸಿಲಿಂಡರ್‌ಗೆ ಒಂದೇ ಥರ.

ಒಂದು ಅಂಕಿ ನೋಡಿ ಗಾಬರಿ ಬೀಳಬೇಡಿ. ಗೇಜ್‌ನಿಂದ ಗೇಜ್‌ಗೆ ವ್ಯತ್ಯಾಸ ಬರುತ್ತದೆ. ಎರಡು ಸಿಲಿಂಡರ್ ನಡುವೆ ಎಷ್ಟು ಅಂತರ ಇದೆ ಅನ್ನುವುದು ಮುಖ್ಯ. ನೂರಕ್ಕೆ ಹತ್ತರ ಆಸುಪಾಸು ಇದ್ದರೆ ಚಿಂತೆ ಇಲ್ಲ. ನಮ್ಮದರಂತೆ ಅರ್ಧಕ್ಕರ್ಧ ಇದ್ದರೆ ಬಿಚ್ಚಲೇಬೇಕು. ಕಡಿಮೆ ಇರುವ ಸಿಲಿಂಡರ್‌ಗೆ ಸ್ವಲ್ಪವೇ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಮೇಲೆ ಅನುಮಾನ. ಏರದಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ ನೋಡಿಸಿ. ಫೋರ್ ಸ್ಟ್ರೋಕ್ ಇಟ್ಟುಕೊಂಡವರು ಇನ್ನೊಂದು ತಿಳಿದಿರಿ: ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಕೆಲವು ಎಂಜಿನ್‌ಗಳಲ್ಲಿ ಹಗ್ಗ ಎಳೆಯುವಾಗ ವಾಲ್ವ್ ಸ್ವಲ್ಪ ತೆರೆದಿಡುವ ವ್ಯವಸ್ಥೆ ಇರುತ್ತದೆ. ಅದರಲ್ಲಿ ಅಂಕಿ ಕಡಿಮೆ ಬರುವುದು ಸಹಜ.

ಉಲ್ಟಾ ಕೇಸೂ ಇದೆ. ಹಗ್ಗ ಬರುವುದೇ ಇಲ್ಲ, ಎಂಜಿನ್ ಜಾಮ್ ಅಂತ ಹೇಳಿಬಿಡುತ್ತಾರೆ. ಗೇರ್ ಹಾಕಿದ್ದರೆ ಬಹಳ ಎಂಜಿನ್‌ಗಳಲ್ಲಿ ಹಗ್ಗ ಲಾಕ್ ಆಗುತ್ತದೆ, ದೋಣಿ ತಟ್ಟನೆ ನುಗ್ಗಬಾರದು ಅಂತ. ಆ ಲಾಕ್‌ನ ಕೇಬಲ್ ಸಡಿಲಾದರೆ ನ್ಯೂಟ್ರಲ್‌ನಲ್ಲೂ ಹಗ್ಗ ಬರುವುದಿಲ್ಲ. ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಿಂದ ಅದು ಓಡುವ ದಿಕ್ಕಿಗೆ ತಿರುಗಿಸಿ. ತಿರುಗಿದರೆ ಎಂಜಿನ್ ಜಾಮ್ ಆಗಿಲ್ಲ.

ಸ್ಟಾರ್ಟರ್ ರಾಟೆಯನ್ನು ಮಾತ್ರ ಗೊತ್ತಿಲ್ಲದೆ ಬಿಚ್ಚಬೇಡಿ. ಒಳಗೆ ಸುತ್ತಿದ ಉದ್ದ ಸ್ಪ್ರಿಂಗ್ ಚಿಮ್ಮಿ ಕಣ್ಣಿಗೆ ಹೊಡೆದೀತು. ಫ್ಲೈವೀಲ್‌ಗೆ ನೇರವಾಗಿ ಹಗ್ಗ ಸುತ್ತಿ ಎಳೆಯುವಾಗ ಆ ಗೇರ್ ಲಾಕ್ ಕೆಲಸ ಮಾಡುವುದಿಲ್ಲ. ನ್ಯೂಟ್ರಲ್ ಅಂತ ಎರಡು ಸಲ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ.

ರಿಪೇರಿ ಆದ ಮೇಲೆ ಡ್ರಮ್‌ನಲ್ಲಿ ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ಮುಳುಗುವಷ್ಟು ನೀರು ತುಂಬಿ, ಅದರಲ್ಲೇ ಓಡಿಸಿ ತೋರಿಸಲು ಹೇಳಿ. ಎಂಜಿನ್ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರದಿದ್ದರೆ ಕೂಡಲೇ ಬಂದ್ ಮಾಡಿಸಿ. ಹೊಳೆಗೆ ಇಳಿಸಿದ ಮೇಲೂ ದಡದಲ್ಲೇ ಆ ಧಾರೆ ನೋಡಿ, ಆಮೇಲೆ ಹೊರಡಿ. ಹಳೇ ಪಾರ್ಟ್ ಕೇಳಿ ತೆಗೆದುಕೊಳ್ಳಿ, ಬಿಲ್ ಬರೆಸಿಕೊಳ್ಳಿ. ನಮ್ಮ ಹತ್ತಿರ ಬಿಲ್ ಇಲ್ಲದ ಕಾರಣ ಅಂಗಡಿಯವರು ಮಾತನ್ನೇ ಮುಗಿಸಿಬಿಟ್ಟರು. ಬಿಲ್ ಇದ್ದವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಈಗ ನಾವೇ ಒಂದು ಕಂಪ್ರೆಷನ್ ಗೇಜ್ ತಂದಿಟ್ಟಿದ್ದೇವೆ, 14 ಎಂಎಂ ಪ್ಲಗ್‌ಗೆ ಕೂರುತ್ತದೆ. ಬೀಳಗಿ ಸುತ್ತಮುತ್ತ ಯಾರಿಗಾದರೂ ಎಂಜಿನ್ ಬಿಚ್ಚಿಸಬೇಕು ಅಂತ ಹೇಳಿದ್ದರೆ, ಬಿಚ್ಚಿಸುವ ಮೊದಲು ಒಂದು ಮೆಸೇಜ್ ಹಾಕಿ. ಗೇಜ್ ತಂದು ನೋಡಿಕೊಡುತ್ತೇನೆ, ದುಡ್ಡು ಬೇಡ.