ವರ್ಕ್‌ಬುಕ್, ಮಾಂಟೆಸರಿ ಕಪಾಟು, ಮನೆಗೆಲಸ: ನಾಲ್ಕರ ಹುಡುಗಿಗೆ ಯಾವುದು ಹಿಡಿಸಿತು?

ಮಗಳು ಮನೆಯಲ್ಲೇ ಕಲಿಯುತ್ತಾಳೆ ಅಂದರೆ ಸಾಕು, ಮುಂದಿನ ಪ್ರಶ್ನೆ ‘ಯಾವ ಸಿಲಬಸ್?’ ಅಂತಲೇ. ಈ ವಯಸ್ಸಿಗೆ ದಾರಿಗಳೇನೋ ಬೇಕಾದಷ್ಟಿವೆ. ನಾವು ನಡೆಸಿ ನೋಡಿದ್ದು ಮೂರು: ದಿನಕ್ಕಿಷ್ಟು ಪುಟ ಅಂತ ವರ್ಕ್‌ಬುಕ್, ಮಾಂಟೆಸರಿ ಸಾಮಾನಿನ ಕಪಾಟು, ಮತ್ತೆ ಪಾಠವೇ ಇಲ್ಲದೆ ಮನೆಗೆಲಸ, ಕತೆ, ಆಟ. ಮಗಳಿಗೆ ಈಗ ನಾಲ್ಕು ದಾಟಿದೆ.

ವರ್ಕ್‌ಬುಕ್‌ನ ಗುಣ ಮೊದಲು ಹೇಳಿಬಿಡುತ್ತೇನೆ. ಅಪ್ಪ ಅಮ್ಮನಿಗೆ ಅದರಷ್ಟು ಸಮಾಧಾನ ಕೊಡುವುದು ಇನ್ನೊಂದಿಲ್ಲ. ಪುಟ ಮುಗಿಯುತ್ತದೆ, ಸ್ಟಿಕ್ಕರ್ ಅಂಟುತ್ತದೆ, ‘ಏನು ಕಲಿತಳು?’ ಅಂತ ಕೇಳುವ ನೆಂಟರಿಗೆ ತೋರಿಸಲು ಏನಾದರೂ ಇರುತ್ತದೆ. ತೊಂದರೆ ಇರುವುದು ಮಗುವಿನ ಕೈಯಲ್ಲಿ. ನೋಡಿಕೊಂಡು ಬರೆಯುವ ಆಕಾರಗಳು ಮಕ್ಕಳಿಗೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಒಲಿಯುತ್ತವೆ: ಮೂರರ ಹೊತ್ತಿಗೆ ವೃತ್ತ, ನಾಲ್ಕರ ಸುಮಾರಿಗೆ ಕೂಡಿಸುವ ಚಿಹ್ನೆ, ಆಮೇಲೆ ಚೌಕ, ತ್ರಿಕೋನ ಐದರ ಆಸುಪಾಸು. ಓರೆಗೆರೆ ತಡವಾಗಿ ಬರುತ್ತದೆ. ನಾವು ತಂದ ಪುಸ್ತಕದಲ್ಲಿ ಶುರುವಿನಿಂದಲೇ ಸಾಲುಸಾಲು ಓರೆಗೆರೆ! ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಚುಕ್ಕೆ ಕೂಡಿಸುತ್ತಿದ್ದವಳು ಅರ್ಧ ಪುಟಕ್ಕೇ ಕಿಟಕಿಯಾಚೆ ನೋಡುತ್ತಿದ್ದಳು. ಆ ಪುಟಗಳು ಈಗ ಕತ್ತರಿ ಹಿಡಿಯುವ ಅಭ್ಯಾಸಕ್ಕೆ ಬಳಕೆಯಾಗುತ್ತಿವೆ. ಆ ಕೆಲಸಕ್ಕೆ ಬಹಳ ಚೆನ್ನಾಗಿವೆ.

ಮಾಂಟೆಸರಿ ಬೇರೆಯೇ ಲೆಕ್ಕ. ವೈದ್ಯೆಯಾಗಿದ್ದ ಮರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡಾವಣೆಯೊಂದರಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದರು. ಅವರ ಸಾಮಾನುಗಳ ಜಾಣತನ ಇರುವುದು ತಪ್ಪನ್ನು ವಸ್ತುವೇ ತೋರಿಸಿಕೊಡುವುದರಲ್ಲಿ. ಸಿಲಿಂಡರ್ ದಿಮ್ಮಿಯನ್ನೇ ನೋಡಿ: ಮರದ ದಿಮ್ಮಿಯಲ್ಲಿ ಬೇರೆಬೇರೆ ಅಳತೆಯ ಹತ್ತು ಗುಂಡಿ, ಅವಕ್ಕೆ ಸರಿಯಾಗಿ ಕೂರುವ ಹತ್ತು ಸಿಲಿಂಡರ್. ಸಣ್ಣದನ್ನು ದೊಡ್ಡ ಗುಂಡಿಗೆ ಇಳಿಸಿದರೆ ಕೊನೆಗೆ ಒಂದು ಎಲ್ಲೂ ಕೂರದೆ ಕೈಯಲ್ಲೇ ಉಳಿಯುತ್ತದೆ. ‘ತಪ್ಪು’ ಅಂತ ನಾನು ಬಾಯಿ ಬಿಡಬೇಕಿಲ್ಲ. ಮಗಳು ಹುಬ್ಬು ಗಂಟಿಕ್ಕಿ ಎಲ್ಲವನ್ನೂ ತೆಗೆದು ಮತ್ತೆ ಶುರುಮಾಡುತ್ತಾಳೆ. ವರ್ಕ್‌ಬುಕ್‌ನ ಮುಂದೆ ಆ ಹಟ ನಾನು ಕಂಡದ್ದೇ ಇಲ್ಲ. ಸಿಲಿಂಡರಿನ ಸಣ್ಣ ಹಿಡಿಯನ್ನು ಮೂರು ಬೆರಳಲ್ಲಿ ಎತ್ತಿ ಎತ್ತಿ ಪೆನ್ಸಿಲ್ ಹಿಡಿತವೂ ಮುಷ್ಟಿಯಿಂದ ಬೆರಳಿಗೆ ಬಂತು. ವಯಸ್ಸಿನ ಪಾಲೂ ಅದರಲ್ಲಿ ಇದ್ದೇ ಇರುತ್ತದೆ ಅನ್ನಿ.

ಆದರೆ ಕಪಾಟಿಗೆ ಮಿತಿಯಿದೆ. ದೊಡ್ಡದರ ಮೇಲೆ ಚಿಕ್ಕದನ್ನು ಪೇರಿಸಬೇಕಾದ ಗುಲಾಬಿ ಗೋಪುರದ ಹತ್ತು ಘನಗಳನ್ನು ಅವಳು ರೈಲು ಮಾಡುತ್ತಾಳೆ. ಪದ್ಧತಿಯನ್ನು ಕಟ್ಟುನಿಟ್ಟಾಗಿ ನಂಬುವವರಿಗೆ ಇದು ಸರಿಹೋಗುವುದಿಲ್ಲ, ನನಗೆ ಪೂರ್ತಿ ಸರಿ. ಪೂರಾ ಸೆಟ್ ಕೊಳ್ಳಬೇಕೆಂದೂ ಇಲ್ಲ. ಒಂದು ದಿಮ್ಮಿ, ಬೆರಳಾಡಿಸಿ ಕಲಿಯುವ ಸ್ಯಾಂಡ್‌ಪೇಪರ್ ಅಕ್ಷರಗಳು, ಮತ್ತೆ ಸೆಗ್ಯಾಂ ಎಂಬ ಫ್ರೆಂಚ್ ವೈದ್ಯರಿಂದ ಮಾಂಟೆಸರಿ ತೆಗೆದುಕೊಂಡ ಮೂರು ಹಂತದ ಪಾಠ ಇದ್ದರೆ ಬಹುಪಾಲು ಸಿಕ್ಕಂತೆ. ‘ಇದು ಒರಟು, ಇದು ನುಣುಪು’ ಅಂತ ಹೇಳುವುದು ಮೊದಲು, ‘ಒರಟು ಯಾವುದು?’ ಅಂತ ಕೇಳುವುದು ಆಮೇಲೆ. ಕೊನೆಗೆ ‘ಇದು ಹೇಗಿದೆ?’ ಎರಡನೆಯದರಲ್ಲಿ ಎಡವಿದರೆ ಮೂರನೆಯದಕ್ಕೆ ಹೋಗದೆ ಅಲ್ಲಿಗೇ ಬಿಟ್ಟುಬಿಡುವುದು. ಇದಕ್ಕೆ ಖರ್ಚೇ ಇಲ್ಲ.

ಸಂಖ್ಯೆಯ ವಿಷಯದಲ್ಲಿ ಮಾತ್ರ ಮನೆಗೆಲಸವೇ ಗೆದ್ದಿತು. ಇಪ್ಪತ್ತರ ತನಕ ಗಡಗಡ ಎಣಿಸುವ ಹುಡುಗಿಗೆ ‘ಐದು ಚಮಚ ತಾ’ ಅಂದರೆ ಕೈಗೆ ಸಿಕ್ಕಷ್ಟು ತರುತ್ತಿದ್ದಳು. ಕೊನೆಗೆ ಎಣಿಸಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದನ್ನು ಹೇಳುತ್ತದೆ ಎಂಬುದು ಮಕ್ಕಳಿಗೆ ತಿಳಿಯಲು ಕಾಲ ಬೇಕು. ಬಾಯಿಪಾಠ ಅದಕ್ಕಿಂತ ಬಹಳ ಮುಂದೆ ಓಡಿರುತ್ತದೆ. ವರ್ಕ್‌ಬುಕ್‌ನಲ್ಲಿ ಇದು ಗೊತ್ತೇ ಆಗಿರಲಿಲ್ಲ, ಅಲ್ಲಿ ಮೂರು ಬಾತುಕೋಳಿಯ ಪಕ್ಕ 3 ಅಂತ ಅಚ್ಚಾಗಿರುತ್ತದೆ. ಊಟಕ್ಕೆ ತಟ್ಟೆ ಇಡುವಾಗ ಹಾಗಲ್ಲ. ಒಂದು ತಟ್ಟೆ ಕಡಿಮೆಯಾದರೆ ಒಬ್ಬರಿಗೆ ತಟ್ಟೆಯಿಲ್ಲ, ಆ ಒಬ್ಬರು ಸುಮ್ಮನಿರುವುದೂ ಇಲ್ಲ. ಕಾಲುಚೀಲ ಜೋಡಿಸುವುದು, ಒಗೆದ ಬಟ್ಟೆಯನ್ನು ಯಾರದು ಯಾರಿಗೆ ಅಂತ ಬೇರೆ ಮಾಡುವುದು, ಎಲ್ಲವೂ ಇದೇ ಪಾಠ.

ಕತೆಯನ್ನು ಪುಸ್ತಕವಿಲ್ಲದೆ, ಒಂದೇ ಕತೆಯನ್ನು ದಿನಗಟ್ಟಲೆ ಹೇಳುವ ಅಭ್ಯಾಸವನ್ನು, ಚಿಕ್ಕವರಿಗೆ ಪಾಠಕ್ಕಿಂತ ಕತೆ, ಆಟವೇ ಮುಖ್ಯ ಎನ್ನುವ ವಾಲ್ಡಾರ್ಫ್ ಶಾಲೆಗಳ ಪದ್ಧತಿಯಿಂದ ಎರವಲು ತಂದೆವು. ಒಂದು ಮಾತು ಬದಲಾದರೂ ಅವಳು ತಿದ್ದುತ್ತಾಳೆ, ಆಮೇಲೆ ಗೊಂಬೆಗೆ ತಾನೇ ಹೇಳುತ್ತಾಳೆ. ಆದರೆ ಏಳರ ತನಕ ಅಕ್ಷರ ಬೇಡ ಎನ್ನುವ ಅವರ ನಿಲುವು ನಮಗೆ ಒಪ್ಪಿಗೆಯಾಗಲಿಲ್ಲ. ತನ್ನ ಹೆಸರಿನ ಅಕ್ಷರ ಯಾವುದು ಅಂತ ಮಗುವೇ ಕೇಳಿದಾಗ ಬಚ್ಚಿಡುವುದೇಕೆ?

ಮನೆಗೆಲಸದ ದಾರಿಯಲ್ಲಿ ಸೋಲುವವರು ದೊಡ್ಡವರು. ಬಟ್ಟೆ ಮಡಚುವ ಕೆಲಸ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ನೆಲ ಒದ್ದೆಯಾಗುತ್ತದೆ, ಸಂಜೆಗೆ ತೋರಿಸಲು ಒಂದು ಪುಟವೂ ಇರುವುದಿಲ್ಲ. ಕೆಲಸಕ್ಕೆ ಹೋಗುವ ತುರ್ತಿರುವ ದಿನ ನಾವು ಕಪಾಟಿಗೇ ಶರಣು. ದಿನವೂ ಹೀಗೇ ಆಗುವ ಮನೆಗೆ ಕಪಾಟೇ ಮೇಲು ಅನ್ನುತ್ತೇನೆ.

ಮೂರೂ ಕೈಕೊಟ್ಟ ವಿಷಯ ಜೊತೆಗಾರರದ್ದು. ಸರದಿಗೆ ಕಾಯುವುದು, ಜಗಳವಾಡಿ ಮತ್ತೆ ಸೇರುವುದು ದೊಡ್ಡವರ ಜೊತೆ ಬರುವುದಿಲ್ಲ, ನಾವು ಬೇಗ ಬಿಟ್ಟುಕೊಡುತ್ತೇವೆ. ಮೈ ದಣಿಯುವ ಆಟದ ಮಾತೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ ಮೂರು–ನಾಲ್ಕರ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷದ ಓಡಾಟ ಬೇಕು, ಅದರಲ್ಲಿ 60 ನಿಮಿಷ ಚುರುಕಾದದ್ದು. ಇದು ಕಪಾಟಿನ ಮುಂದೆ ಕೂತು ಆಗುವಂಥದ್ದಲ್ಲ. ಹಾಗಾಗಿ ಸಂಜೆಯ ಹೊತ್ತು ಪೂರ್ತಿ ಮೈದಾನಕ್ಕೆ, ಬೇರೆ ಮಕ್ಕಳಿಗೆ ಮೀಸಲು. ಉಯ್ಯಾಲೆ ಬಿಟ್ಟುಕೊಡುವುದನ್ನು ಅವಳಿನ್ನೂ ಒಪ್ಪಿಲ್ಲ.