ಏಟು ತಿಂದ ಮಕ್ಕಳ ಕೈಗೆ ಅಧಿಕಾರ ಬಂದಾಗ: ಅಕ್ಕನ ಕಾದಂಬರಿಯೋ, ತಂಗಿಯದೋ?

ಎರಡೂ 1847ರಲ್ಲೇ ಬಂದವು, ಅದೂ ಒಂದೇ ಮನೆಯಿಂದ. ಅಕ್ಕ ಷಾರ್ಲೆಟ್ ಬ್ರಾಂಟಿ ಬರೆದದ್ದು 'ಜೇನ್ ಐರ್', ತಂಗಿ ಎಮಿಲಿ ಬರೆದದ್ದು 'ವುದರಿಂಗ್ ಹೈಟ್ಸ್'. ಎರಡರಲ್ಲೂ ದಿಕ್ಕಿಲ್ಲದ ಮಗು ಬೇರೆಯವರ ಹಂಗಿನಲ್ಲಿ ಬೆಳೆಯುತ್ತದೆ. ಮುಂದೆ ಅದರ ಕೈಗೂ ಅಧಿಕಾರ ಬರುತ್ತದೆ. ಆಗ ಅದು ಏನು ಮಾಡುತ್ತದೆ? ಎರಡನ್ನೂ ಒಂದರ ಹಿಂದೊಂದು ಓದುವಾಗ ನಾನು ಗಮನ ಇಟ್ಟಿದ್ದು ಇದರ ಮೇಲೆ.

ಬಾಲ್ಯದ ಮಟ್ಟಿಗೆ ಅಕ್ಕನದೇ ಮೇಲುಗೈ. ಹತ್ತು ವರ್ಷದ ಜೇನ್ ಮೇಲೆ ಅತ್ತೆಯ ಮಗ ಪುಸ್ತಕ ಎಸೆಯುತ್ತಾನೆ. ತಲೆ ಬಾಗಿಲಿಗೆ ಬಡಿದು ರಕ್ತ ಬರುತ್ತದೆ. ಆದರೂ ಶಿಕ್ಷೆ ಅವಳಿಗೇ: ಸೋದರಮಾವ ಸತ್ತ ಕೆಂಪು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಕತೆ ಹೇಳುವವಳು ಅವಳೇ ಆದ್ದರಿಂದ ನಮಗೂ ಉಸಿರು ಕಟ್ಟುತ್ತದೆ. 'ವುದರಿಂಗ್ ಹೈಟ್ಸ್'ನ ದಿಕ್ಕಿಲ್ಲದ ಹುಡುಗ ಹೀತ್‌ಕ್ಲಿಫ್‌ನ ಬಾಲ್ಯ ಗೊತ್ತಾಗುವುದು ಕೆಲಸದಾಕೆ ನೆಲ್ಲಿಯ ಬಾಯಿಂದ. ಸಾಕಿದ ಮನೆಯ ಮಗ ಹಿಂಡ್ಲಿ ಆಲೂಗಡ್ಡೆ ತೂಗುವ ಕಬ್ಬಿಣದ ಬಟ್ಟನ್ನು ಎದೆಗೆ ಎಸೆದರೂ ಈ ಹುಡುಗ ಅಳುವುದಿಲ್ಲ. ತಾನು ಕೇಳಿದ ಕುದುರೆಮರಿಯನ್ನು ಅವನಿಂದ ಪಡೆದೇ ತೀರುತ್ತಾನೆ. ಲೆಕ್ಕ ಆಗಲೇ ಶುರುವಾಗಿದೆ, ಅಲ್ವಾ?

ಅಧಿಕಾರದ ವಿಷಯಕ್ಕೆ ಬಂದರೆ ನನ್ನ ಓಟು ತಂಗಿಗೆ. ಜೇನ್‌ಗೆ ಅಪ್ಪನ ಸೋದರನಿಂದ 20,000 ಪೌಂಡ್ ಸಿಗುತ್ತದೆ. ಅದನ್ನು ನಾಲ್ಕು ಪಾಲು ಮಾಡಿ ಹಂಚಿಕೊಳ್ಳುತ್ತಾಳೆ. ಒಳ್ಳೆಯದೇ, ಆದರೆ ತೀರಾ ಸಲೀಸು. ಹೀತ್‌ಕ್ಲಿಫ್‌ಗೆ ದುಡ್ಡು ಎಲ್ಲಿಂದ ಬಂತು ಅಂತ ಎಮಿಲಿ ಹೇಳುವುದಿಲ್ಲ. ಅದನ್ನು ಅವನು ಹೇಗೆ ಬಳಸಿದ ಅನ್ನುವುದನ್ನು ಮಾತ್ರ ಬಿಡಿಸಿ ತೋರಿಸುತ್ತಾಳೆ. ಜೂಜಿಗೆ ಬಿದ್ದ ಹಿಂಡ್ಲಿಯ ಜಮೀನು ಅಡಮಾನದ ದಾರಿಯಲ್ಲಿ ಇವನ ಕೈ ಸೇರುತ್ತದೆ. ಹಿಂಡ್ಲಿಯ ಮಗ ಹೇರ್ಟನ್‌ಗೆ ಅಕ್ಷರ ಕಲಿಸದೆ, ಅವನದೇ ಮನೆಯಲ್ಲಿ ಸಂಬಳವಿಲ್ಲದ ಆಳು ಮಾಡಿ ಬೆಳೆಸುತ್ತಾನೆ. ಹಿಂಡ್ಲಿ ತನಗೆ ಮಾಡಿದ್ದನ್ನೇ ತಿರುಗಿಸಿ ಮಾಡುತ್ತಾನೆ. ಆದರೂ ಹೀತ್‌ಕ್ಲಿಫ್ ಸತ್ತಾಗ ಹೆಣದ ಪಕ್ಕ ಕೂತು ಅಳುವವನು ಹೇರ್ಟನ್ ಒಬ್ಬನೇ! ನಂಬಲು ಕಷ್ಟ, ಆದರೆ ನಂಬಿಸುತ್ತಾಳೆ.

ಷಾರ್ಲೆಟ್ ಮೇಲೆ ನನ್ನ ತಕರಾರು, ಜೇನ್ ಮದುವೆಯಾಗುವ ರಾಚೆಸ್ಟರ್‌ನ ಮೊದಲ ಹೆಂಡತಿ ಬರ್ತಾ ವಿಷಯದಲ್ಲಿ. ಕೆಂಪು ಕೋಣೆಯಲ್ಲಿ ಕಿರುಚಿದ ಹುಡುಗಿ, ಮಹಡಿಯಲ್ಲಿ ಹೆಂಡತಿಯನ್ನು ಕೂಡಿಹಾಕಿದವನನ್ನೇ ಮದುವೆಯಾಗುತ್ತಾಳೆ. 'ಇದು ಕ್ರೌರ್ಯ' ಅಂತ ಒಮ್ಮೆ ಹೇಳುತ್ತಾಳೆ, ಅಷ್ಟೇ. ಆದರೆ ಸಾಯುತ್ತಿರುವ ಅತ್ತೆಯನ್ನು ನೋಡಲು ಹೋಗುವ ಅಧ್ಯಾಯಕ್ಕೆ ಸಾಟಿಯಿಲ್ಲ. ಜೇನ್ ಸತ್ತಳೆಂದು ಅವಳ ಅಪ್ಪನ ಸೋದರನಿಗೆ ಬರೆದು ಆಸ್ತಿ ತಪ್ಪಿಸಲು ನೋಡಿದವಳು ಆಕೆ. ಜೇನ್ ಕ್ಷಮಿಸುತ್ತಾಳೆ, ಕೆನ್ನೆ ಮುಂದೆ ಮಾಡಿದರೂ ಅತ್ತೆ ಮುತ್ತು ಕೊಡುವುದಿಲ್ಲ.

ಮೊದಲ ಸಲ ಓದುವವರು 'ಜೇನ್ ಐರ್' ಹಿಡಿಯಿರಿ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಇನ್ನೊಂದರಲ್ಲಿ ಅಮ್ಮ, ಮಗಳು ಇಬ್ಬರೂ ಕ್ಯಾಥರೀನ್. ವಂಶವೃಕ್ಷ ಬರೆದಿಟ್ಟುಕೊಂಡೇ ಕೂತ್ಕೊಳ್ಳಿ.